ವ್ಯಾಸಂಗದ ವಿಷಯವನ್ನು ಯಾರಲ್ಲಿ ವಿಚಾರಿಸಬೇಕು?

ಪದವಿಪೂರ್ವ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದೊಡನೆ ಮನೆಮನೆಯಲ್ಲಿಯೂ ಏಳುವ ಪ್ರಶ್ನೆ ಒಂದೇ: ಮಕ್ಕಳು ಮುಂದೆ ಏನನ್ನು ಓದಬೇಕು? ಚಿಕ್ಕಪ್ಪನವರು ಒಂದನ್ನು ಸೂಚಿಸುತ್ತಾರೆ, ನೆರೆಮನೆಯವರು ಮತ್ತೊಂದನ್ನು, ಜಾಹೀರಾತುಗಳು ಮಗದೊಂದನ್ನು. ಆ ವಿಷಯವನ್ನು ಈಗ ಓದುತ್ತಿರುವ ವಿದ್ಯಾರ್ಥಿಯನ್ನು ಕೇಳುವವರು ಮಾತ್ರ ವಿರಳ. ಮೊದಲು ಕೇಳಬೇಕಾದುದು ಅವನನ್ನೇ ಎಂಬುದು ನಮ್ಮ ಅಭಿಪ್ರಾಯ.

ವಿಷಯದ ಹೆಸರು ಬೇರೆ, ಅದರ ನಿತ್ಯದ ದುಡಿಮೆ ಬೇರೆ. ಗಣಕ ವಿಜ್ಞಾನವೆಂದರೆ ಯಂತ್ರದ ಮುಂದೆ ಕುಳಿತಿರುವುದಷ್ಟೇ ಎಂದು ಬಗೆದವನಿಗೆ ತರ್ಕವೂ ಸಂಭವನೀಯತೆಯ ಗಣಿತವೂ ಎದುರಾಗುತ್ತವೆ. ಭೂವಿಜ್ಞಾನವನ್ನು ಆರಿಸಿಕೊಂಡವಳು ಸುತ್ತಿಗೆ ಹಿಡಿದು ಬಿಸಿಲಿನಲ್ಲಿ ಬಂಡೆಗಳ ನಡುವೆ ಅಲೆಯಬೇಕಾಗುತ್ತದೆ. ಇದರಲ್ಲಿ ಸುಖ ಕಾಣುವವರೂ ಉಂಟು, ಬೇಸರಗೊಳ್ಳುವವರೂ ಉಂಟು. ತಾನು ಯಾವ ಪಂಗಡದವನೆಂದು ಮೊದಲೇ ತಿಳಿದಿರುವುದು ಲೇಸಲ್ಲವೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯಾಸಂಗವನ್ನು ಆರಂಭಿಸಿದಾಗ, ಮೊದಲ ಒಂದೂವರೆ ವರ್ಷ ಎಲ್ಲರೂ ಭೌತ, ರಸಾಯನ, ಗಣಿತ, ಜೀವವಿಜ್ಞಾನಗಳನ್ನು ಕಲಿತು, ಆ ಬಳಿಕ ಪ್ರಧಾನ ವಿಷಯವನ್ನು ಆರಿಸಿಕೊಳ್ಳುವಂತೆ ಏರ್ಪಡಿಸಿತು. ಇಂಥ ಅನುಕೂಲ ಎಲ್ಲರಿಗೂ ದೊರೆಯದು. ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಸೇರುವವರು ಕಾಲೇಜಿನ ಮೆಟ್ಟಿಲೇರುವ ಮುನ್ನವೇ ಶಾಖೆಯನ್ನು ನಮೂದಿಸಬೇಕು. ಸ್ವಾನುಭವಕ್ಕೆ ಎಡೆಯಿಲ್ಲದಾಗ ಅನುಭವಿಗಳಿಂದ ಅದನ್ನು ಎರವಲು ಪಡೆಯಬೇಕಷ್ಟೆ.

ಆದರೆ ಕೇಳುವುದರಲ್ಲಿಯೂ ಒಂದು ಕ್ರಮವುಂಟು. 'ವಿಷಯ ಚೆನ್ನಾಗಿದೆಯೆ?' ಎಂದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. ಕಳೆದ ವಾರ ಏನೇನು ಮಾಡಿದಿರಿ, ಯಾವ ಪಾಠ ನಿದ್ದೆಗೆಡಿಸಿತು, ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಸ್ವತಃ ಮುಟ್ಟಲು ಬಿಡುತ್ತಾರೆಯೆ, ಮತ್ತೊಮ್ಮೆ ಆರಿಸುವುದಾದರೆ ಇದನ್ನೇ ಆರಿಸುವಿರಾ ಎಂದು ಕೇಳಿರಿ.

ಒಬ್ಬನ ಮಾತನ್ನೇ ನೆಚ್ಚಬಾರದು. ಸರಳ ಲೋಲಕದ ಪ್ರಯೋಗದಲ್ಲಿ ಒಂದೇ ಬಾರಿಯ ಅಳತೆಯಿಂದ ನಾವು ತೃಪ್ತರಾಗುವೆವೆ? ಹಲವು ಬಾರಿ ಅಳೆದು ಸರಾಸರಿಯನ್ನು ತೆಗೆಯುತ್ತೇವೆ. ಆದರೆ ಗಡಿಯಾರವೇ ನಿಧಾನವಾಗಿ ನಡೆಯುತ್ತಿದ್ದರೆ ನೂರು ಬಾರಿ ಅಳೆದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಬಹುಮಾನ ಪಡೆದವರನ್ನು ಮಾತ್ರ ವಿಚಾರಿಸುವುದೂ ಇಂಥದೇ ದೋಷ. ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ, ಸಾಧ್ಯವಾದರೆ ವಿಷಯವನ್ನು ನಡುವೆ ಬಿಟ್ಟುಹೋದವರನ್ನೂ ಕಾಣಬೇಕು. ಉದ್ಯೋಗದ ವಿಚಾರವನ್ನು ಮಾತ್ರ ವಿದ್ಯಾರ್ಥಿಗಳಿಂದಲ್ಲ, ಆ ಉದ್ಯೋಗದಲ್ಲಿರುವವರಿಂದ ತಿಳಿಯುವುದು ಯುಕ್ತ.

ಇದಕ್ಕೆಲ್ಲ ಸಮಯವೆಲ್ಲಿ ಎನ್ನುವವರಿದ್ದಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನೈಜ ಹಂಚಿಕೆಗೆ ಮುನ್ನ ಅಣಕು ಹಂಚಿಕೆಯನ್ನು ಪ್ರಕಟಿಸಿ, ಆಯ್ಕೆಗಳ ಕ್ರಮವನ್ನು ಬದಲಿಸಲು ಅವಕಾಶ ಕೊಡುತ್ತದೆ. ಆ ಅಲ್ಪಾವಧಿಯಲ್ಲಿ ಎರಡು ಸಂಜೆಗಳನ್ನು ಇದಕ್ಕಾಗಿ ಮೀಸಲಿಟ್ಟರೂ ಸಾಕು. ಸೀರೆ ಕೊಳ್ಳುವಾಗ ಹತ್ತು ಅಂಗಡಿಗಳನ್ನು ಹತ್ತಿಳಿಯುವ ನಾವು, ಮಕ್ಕಳ ತಾರುಣ್ಯದ ನಾಲ್ಕು ವರ್ಷಗಳನ್ನು ಕೇವಲ ಹೆಸರೊಂದನ್ನು ನಂಬಿ ಒಪ್ಪಿಸಿಬಿಡುವುದು ವಿವೇಕವಲ್ಲ.