ಕಪ್ಪೂ ನಮ್ದೇ, ಮಕ್ಕಳೂ ನಮ್ದೇ!

ಕ್ರಿಕೆಟ್ ಪ್ರಸಾರದಲ್ಲಿ ಮದ್ಯದ ಕಳ್ಳ ಜಾಹೀರಾತು ನಿಲ್ಲಲಿ

ತಾಯಂದಿರೇ, ತಂದೆಯರೇ, ಕಾಲೇಜು ಗೆಳೆಯ ಗೆಳತಿಯರೇ,

ಟಿವಿಯಲ್ಲಿ ಮದ್ಯದ ಜಾಹೀರಾತು ನೇರವಾಗಿಯೂ ಬರಕೂಡದು, ಸುತ್ತಿಬಳಸಿಯೂ ಬರಕೂಡದು. ಕೇಬಲ್ ಟೆಲಿವಿಷನ್ ನಿಯಮಗಳು (1994) ಇದನ್ನು ನಿಷೇಧಿಸಿವೆ. ಆದರೂ ಐಪಿಎಲ್ ನೋಡುವ ಹೈಸ್ಕೂಲ್ ಹುಡುಗನಿಗೆ ವಿಸ್ಕಿ, ಬಿಯರ್ ಹೆಸರುಗಳು ಬಾಯಿಪಾಠ! ಹೇಗೆ?

ಸೋಡಾ, ಕುಡಿಯುವ ನೀರು, ಮ್ಯೂಸಿಕ್ ಸಿ.ಡಿ. ಎಂಬ ವೇಷದಲ್ಲಿ. ಹೆಸರು ಅದೇ, ಬಣ್ಣ ಅದೇ, ಲಾಂಛನ ಅದೇ. ಬರೀ ಸೋಡಾ ಮಾರಲು ಯಾರಾದರೂ ಇಷ್ಟು ದುಡ್ಡು ಸುರಿಯುತ್ತಾರೆಯೇ?

ನಮ್ಮ ಬೆಂಗಳೂರು ತಂಡವನ್ನೇ ನೋಡಿ. 2008ರಲ್ಲಿ ಅದನ್ನು ಕೊಂಡದ್ದು ಮದ್ಯದ ಉದ್ಯಮಿ ವಿಜಯ್ ಮಲ್ಯ. ಹೆಸರು ಬಂದದ್ದು ರಾಯಲ್ ಚಾಲೆಂಜ್ ವಿಸ್ಕಿಯಿಂದ. ತಂಡ ನಮ್ಮದೇ, ಆಟವೂ ಬೇಕು. ಆ ಅಭಿಮಾನದ ಬೆನ್ನೇರಿ ಬಾಟಲಿ ಮನೆಯೊಳಗೆ ಬರುವುದು ಬೇಡ. ಮದ್ಯದ ಜಾಹೀರಾತು ಹೆಚ್ಚು ನೋಡುವ ಹದಿಹರೆಯದವರು ಬೇಗ ಕುಡಿತಕ್ಕೆ ಬೀಳುವ ಸಾಧ್ಯತೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಸರ್ಕಾರಕ್ಕೆ ಗೊತ್ತಿಲ್ಲವೇ? ಗೊತ್ತಿದೆ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲೇ ವೇಷದ ಜಾಹೀರಾತನ್ನು ನಿಷೇಧಿಸಿತು. 2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಕ್ರೀಡಾಂಗಣದಲ್ಲೂ ಪ್ರಸಾರದಲ್ಲೂ ಇವು ಬೇಡವೆಂದು ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆಯಿತು. ನಾವು ಹೊಸ ಕಾನೂನು ಕೇಳುತ್ತಿಲ್ಲ. ಇರುವ ಕಾನೂನು ಜಾರಿಯಾಗಲಿ ಎನ್ನುತ್ತಿದ್ದೇವೆ.

ಇಂದೇ ಮಾಡಿ:

1. ಇಂಥ ಜಾಹೀರಾತು ಕಂಡ ಕೂಡಲೇ ಫೋಟೊ ತೆಗೆಯಿರಿ. ಚಾನೆಲ್ ಅಥವಾ ಆ್ಯಪ್, ದಿನಾಂಕ, ಸಮಯ ಬರೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

2. ಎಣ್ಣೆ ತರಲು ಮಕ್ಕಳನ್ನು ವೈನ್ ಶಾಪಿಗೆ ಅಟ್ಟಬೇಡಿ. ಮಕ್ಕಳಿಗೆ ಮದ್ಯ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆ 2015ರ 77ನೇ ಕಲಮಿನಡಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳಿಗೆ ಮಾರುವ ಅಂಗಡಿಯ ಮೇಲೆ ಅಬಕಾರಿ ಇಲಾಖೆಗೆ ಲಿಖಿತ ದೂರು ಕೊಡಿ.

3. ವಿದ್ಯಾರ್ಥಿಗಳೇ, ನಿಮ್ಮ ಕಾಲೇಜು ಟೂರ್ನಿಗೆ ಮದ್ಯದ ಬ್ರ್ಯಾಂಡಿನ ದುಡ್ಡು, ಬ್ಯಾನರು, ಟೀ ಶರ್ಟು ಬೇಡವೆಂದು ಪ್ರಾಂಶುಪಾಲರಿಗೆ ಸಹಿ ಹಾಕಿದ ಮನವಿ ಕೊಡಿ.

"ನಮ್ಮಿಂದೇನಾಗುತ್ತೆ" ಅನ್ನಬೇಡಿ. 2023ರ ಜನವರಿಯಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ರಾಜ್ಯ ಸರ್ಕಾರ ಕರಡು ಹೊರಡಿಸಿತ್ತು. ಜನ ಆಕ್ಷೇಪಿಸಿದರು, ಸರ್ಕಾರ ಹಿಂದೆ ಸರಿಯಿತು.

ಮುಂದಿನ ಪಂದ್ಯಕ್ಕೆ ಕೂರುವಾಗ ರಿಮೋಟಿನ ಜೊತೆ ಪೆನ್ನು, ಹಾಳೆಯೂ ಕೈಯಲ್ಲಿರಲಿ!

— ಬಡಾವಣೆಯ ಪೋಷಕರು ಮತ್ತು ವಿದ್ಯಾರ್ಥಿಗಳು
(ಓದಿ, ಇನ್ನೊಬ್ಬರಿಗೆ ಕೊಡಿ)