ಸತ್ತದ್ದು ಒಂದೇ ಒಂದು ಹಂದಿ

ಪಕ್ಕದವರ ಹಂದಿ ನಿಮ್ಮ ಆಲೂಗಡ್ಡೆ ಹೊಲಕ್ಕೆ ನುಗ್ಗಿದರೆ ಏನು ಮಾಡುತ್ತೀರಿ? ಓಡಿಸುತ್ತೀರಿ, ಬೈಯುತ್ತೀರಿ, ಹೆಚ್ಚೆಂದರೆ ನಾಲ್ಕು ಜನ ಹಿರಿಯರನ್ನು ಸೇರಿಸುತ್ತೀರಿ. 1859ರಲ್ಲಿ ಇಂಥದ್ದೇ ಒಂದು ಜಗಳ ಅಮೆರಿಕ ಮತ್ತು ಬ್ರಿಟನ್ನನ್ನು ಯುದ್ಧದ ಬಾಗಿಲಿಗೆ ತಂದು ನಿಲ್ಲಿಸಿತ್ತು. ಅದಕ್ಕೆ 'ಹಂದಿ ಯುದ್ಧ' ಅಂತಲೇ ಹೆಸರು. ಕೇಳಿದವರೆಲ್ಲ ನಗುತ್ತಾರೆ. ನಕ್ಕು ಮರೆಯುವ ಕಥೆ ಇದಲ್ಲ ಅನ್ನುವುದು ನನ್ನ ಮಾತು.

ಜಗಳದ ಬೇರು ಹಂದಿಯಲ್ಲಿ ಇರಲಿಲ್ಲ, ಕಾಗದದಲ್ಲಿ ಇತ್ತು. 1846ರ ಒರೆಗಾನ್ ಒಪ್ಪಂದದಲ್ಲಿ, ಗಡಿಯು ವ್ಯಾಂಕೂವರ್ ದ್ವೀಪಕ್ಕೂ ಭೂಖಂಡಕ್ಕೂ ನಡುವಿನ ಜಲಮಾರ್ಗದ ಮಧ್ಯದಲ್ಲಿ ಹೋಗಬೇಕು ಎಂದು ಬರೆದರು. ಆದರೆ ಅಲ್ಲಿ ಮುಖ್ಯ ಜಲಮಾರ್ಗಗಳು ಎರಡಿದ್ದವು. ಒಂದು ಹಾರೊ, ಇನ್ನೊಂದು ರೊಸಾರಿಯೊ. ನಡುವೆ ಸ್ಯಾನ್ ಹುವಾನ್ ದ್ವೀಪ. ಬದು ಎಲ್ಲಿ ಅಂತ ಸರಿಯಾಗಿ ಬರೆಯದೆ ಸಹಿ ಹಾಕಿದ ಪತ್ರದಂತಾಯಿತು. ದ್ವೀಪ ನಮ್ಮದು ಎಂದು ಇಬ್ಬರೂ ಹೇಳಿದರು.

ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿ ಅಲ್ಲಿ ಕುರಿ ಸಾಕುತ್ತಿತ್ತು. ಅಮೆರಿಕದ ಕೆಲವರು ಬಂದು ಉಳುಮೆ ಶುರು ಮಾಡಿದರು. ಜೂನ್ 15ರಂದು ಲೈಮನ್ ಕಟ್ಲರ್ ಎಂಬಾತ ತನ್ನ ಆಲೂಗಡ್ಡೆ ಅಗೆದು ತಿನ್ನುತ್ತಿದ್ದ ಕಂಪನಿಯ ಹಂದಿಗೆ ಗುಂಡು ಹೊಡೆದ. ಪರಿಹಾರದ ಮಾತು ಮುರಿದುಬಿತ್ತು. ಅವನನ್ನು ಬಂಧಿಸುತ್ತಾರೆ ಅನ್ನುವ ಸುದ್ದಿ ಹಬ್ಬಿತು.

ಅಮೆರಿಕದ ಜನರಲ್ ಹಾರ್ನಿ, ಕ್ಯಾಪ್ಟನ್ ಜಾರ್ಜ್ ಪಿಕೆಟ್ ಜೊತೆ 66 ಸೈನಿಕರನ್ನು ಕಳಿಸಿದ. ಬ್ರಿಟಿಷ್ ವಸಾಹತಿನ ಗವರ್ನರ್ ಜೇಮ್ಸ್ ಡಗ್ಲಸ್ ಯುದ್ಧನೌಕೆ ಕಳಿಸಿದ. ಆಗಸ್ಟ್ ಹೊತ್ತಿಗೆ ದ್ವೀಪದಲ್ಲಿ 400ಕ್ಕೂ ಹೆಚ್ಚು ಅಮೆರಿಕನ್ನರು, ಎದುರಿಗೆ ನೀರಿನಲ್ಲಿ ಐದು ಬ್ರಿಟಿಷ್ ನೌಕೆಗಳು, 2,000ಕ್ಕೂ ಹೆಚ್ಚು ಜನ.

ಸೈನ್ಯ ಇಳಿಸಿ ಎಂದು ಡಗ್ಲಸ್ ಒತ್ತಾಯಿಸಿದ. ನೌಕೆಯ ಕ್ಯಾಪ್ಟನ್ ಹಾರ್ನ್‌ಬಿ ಇಳಿಸಲಿಲ್ಲ. ಆಮೇಲೆ ಬಂದ ಅಡ್ಮಿರಲ್ ರಾಬರ್ಟ್ ಬೇನ್ಸ್ ಕೂಡ ಒಪ್ಪಲಿಲ್ಲ. ಒಂದು ಹಂದಿಯ ಸಲುವಾಗಿ ಎರಡು ದೊಡ್ಡ ದೇಶಗಳು ಹೊಡೆದಾಡಬಾರದು ಅನ್ನುವುದು ಅವರ ನಿಲುವು. ಕೈಯಲ್ಲಿ ಹೆಚ್ಚು ಬಲ ಇದ್ದವರೇ ತಡೆದು ನಿಂತರು.

ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರು 1812ರ ಯುದ್ಧ ನೋಡಲಿ. ಇದೇ ಎರಡು ದೇಶಗಳು ಎರಡೂವರೆ ವರ್ಷ ಹೊಡೆದಾಡಿದವು. ಸಾವಿರಾರು ಜನ ಸತ್ತರು. ಇಂದಿನ ಟೊರೊಂಟೊ ಆಗಿರುವ ಯಾರ್ಕ್ ಊರಿಗೂ ಬೆಂಕಿ ಬಿತ್ತು, ವಾಷಿಂಗ್ಟನ್‌ಗೂ ಬಿತ್ತು. 1814ರ ಘೆಂಟ್ ಒಪ್ಪಂದದಲ್ಲಿ ಗಡಿ ಯುದ್ಧಕ್ಕೆ ಮುಂಚೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ಆ ಯುದ್ಧದಲ್ಲಿ ಬ್ರಿಟಿಷರ ಎದುರು ಗಾಯಗೊಂಡಿದ್ದ ವಿನ್‌ಫೀಲ್ಡ್ ಸ್ಕಾಟ್‌ನನ್ನೇ 1859ರಲ್ಲಿ ಅಮೆರಿಕ ಸಂಧಾನಕ್ಕೆ ಕಳಿಸಿತು. ಆಗ ಆತನಿಗೆ 73 ವರ್ಷ. ಇಬ್ಬರೂ ನೂರರ ಒಳಗೆ ಸೈನಿಕರನ್ನಿಟ್ಟು ದ್ವೀಪ ಕಾಯುವುದೆಂದು ಒಪ್ಪಂದವಾಯಿತು. ಹನ್ನೆರಡು ವರ್ಷ ಹಾಗೇ ನಡೆಯಿತು. ಎರಡು ಶಿಬಿರದವರು ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುತ್ತಿದ್ದರು. ಕೊನೆಗೆ ಜರ್ಮನಿಯ ಚಕ್ರವರ್ತಿ ಒಂದನೇ ವಿಲ್ಹೆಲ್ಮ್ ಮುಂದೆ ಪಂಚಾಯಿತಿ. 1872ರ ಅಕ್ಟೋಬರ್‌ನಲ್ಲಿ ತೀರ್ಪು ಅಮೆರಿಕದ ಪರ ಬಂತು. ಬ್ರಿಟಿಷರು ಮುಂದಿನ ತಿಂಗಳೇ ಜಾಗ ಖಾಲಿ ಮಾಡಿದರು. ಸತ್ತದ್ದು ಹಂದಿ ಮಾತ್ರ.

ಇಷ್ಟೆಲ್ಲ ನ್ಯಾಯದಲ್ಲೂ ಒಂದು ಅನ್ಯಾಯ ಉಳಿದಿದೆ. ಇವರಿಬ್ಬರೂ ಬರುವ ಎಷ್ಟೋ ಕಾಲ ಮುಂಚಿನಿಂದ ಆ ದ್ವೀಪದಲ್ಲಿ ಬದುಕಿ, ಮೀನು ಹಿಡಿಯುತ್ತಿದ್ದವರು ಕೋಸ್ಟ್ ಸೇಲಿಶ್ ಮೂಲನಿವಾಸಿಗಳು. ನಿಮ್ಮ ನೆಲ ಯಾರದಾಗಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ. ರಾಜಿ ಮಾಡುವವರು ಮೊದಲು ನೋಡಬೇಕಾದ್ದು, ಚಾವಡಿಗೆ ಯಾರನ್ನು ಕರೆದಿಲ್ಲ ಅನ್ನುವುದನ್ನು.

ಪಿಕೆಟ್ ಹೆಸರು ಇವತ್ತಿಗೂ ಪ್ರಸಿದ್ಧ. 1863ರಲ್ಲಿ ಗೆಟ್ಟಿಸ್‌ಬರ್ಗ್ ಬಯಲಿನಲ್ಲಿ ತನ್ನ ಪಡೆಯ ಅರ್ಧಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ದಾಳಿಗೆ ಅವನದೇ ಹೆಸರಿದೆ. ಯಾರನ್ನೂ ಸಾಯಲು ಬಿಡದ ಬೇನ್ಸ್ ಹೆಸರು ಎಷ್ಟು ಜನಕ್ಕೆ ಗೊತ್ತು? ಜಗಳ ಹಚ್ಚಿದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ತಡೆದವರನ್ನೂ ನೆನೆಯುವುದನ್ನು ಕಲಿಯೋಣ.