ಗುರುತಿನ ಚೀಟಿಯ ಒಂದು ಸಾಲು

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಗೋಲಿಯ ವ್ಯಾಸ ಅಳೆಯುವ ಕ್ಯಾಲಿಪರ್ಸನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಅಂಥದೇ ಸಾಧನ ಹಿಡಿದು ಮನುಷ್ಯರ ಮೂಗು, ತಲೆಬುರುಡೆಗಳ ಅಗಲ ಅಳೆದು, ಇವರು ಆಳುವ ಕುಲ, ಅವರು ದುಡಿಯುವ ಕುಲ ಎಂದು ಬರೆದಿಟ್ಟ ಕಾಲವೊಂದಿತ್ತು. ಆಗ ಅದಕ್ಕೆ ವಿಜ್ಞಾನವೆಂದೇ ಹೆಸರು. ಹಾಗೆ ಅಳೆಸಿಕೊಂಡ ದೇಶಗಳಲ್ಲಿ ಆಫ್ರಿಕದ ರುವಾಂಡವೂ ಒಂದು. 1994ರಲ್ಲಿ ಅಲ್ಲಿ ಸುಮಾರು ನೂರು ದಿನಗಳಲ್ಲಿ 8 ಲಕ್ಷ ಜನರ ಕೊಲೆಯಾಯಿತೆಂಬುದು ವಿಶ್ವಸಂಸ್ಥೆಯ ಅಂದಾಜು. ರುವಾಂಡ ಸರ್ಕಾರದ ಲೆಕ್ಕ 10 ಲಕ್ಷವನ್ನು ದಾಟುತ್ತದೆ. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ಕೊಲೆಗೆ ಒಪ್ಪದ ಹುಟುಗಳೂ ಅವರೊಂದಿಗೆ ಸತ್ತರು.

ಇದು ತಲೆತಲಾಂತರದ ಬುಡಕಟ್ಟು ದ್ವೇಷ ಎಂದು ಆಗ ಜಗತ್ತಿನ ಅನೇಕ ಪತ್ರಿಕೆಗಳು ಬರೆದವು. ವಿಷಯ ಅಷ್ಟು ಸರಳವಲ್ಲ. ಭೂಪಟದಲ್ಲಿ ವಿಕ್ಟೋರಿಯಾ ಸರೋವರದ ಪಶ್ಚಿಮಕ್ಕೆ ಬೆರಳಿಟ್ಟರೆ ಸಿಗುವ ಈ ಬೆಟ್ಟಗಳ ನಾಡಿನಲ್ಲಿ ಹುಟು, ಟುಟ್ಸಿ ಇಬ್ಬರ ಭಾಷೆಯೂ ಒಂದೇ, ಕಿನ್ಯರ್ವಾಂಡ. ಕುಲದ ಹೆಸರುಗಳೂ ಒಂದೇ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆಗಳು, ಪರಸ್ಪರ ಮದುವೆ. ದನಕರು ಹೆಚ್ಚಿದ್ದವರು, ಅರಮನೆಗೆ ಹತ್ತಿರದವರು ಟುಟ್ಸಿ. ಹೊಲ ಉಳುವವರು ಹುಟು. ಮೇಲುಕೀಳು ಇರಲಿಲ್ಲವೆಂದಲ್ಲ, ಖಂಡಿತ ಇತ್ತು. ಆದರೆ ದನ ಕೂಡಿಸಿಕೊಂಡ ಹುಟು ಕುಟುಂಬ ಕಾಲಕ್ರಮದಲ್ಲಿ ಟುಟ್ಸಿ ಎನಿಸಿಕೊಳ್ಳುವುದಕ್ಕೂ ದಾರಿಯಿತ್ತು.

ಆ ದಾರಿ ಮುಚ್ಚಿದ್ದು ವಸಾಹತು ಆಡಳಿತದಲ್ಲಿ. ಟುಟ್ಸಿಗಳು ಉತ್ತರದಿಂದ ಬಂದ ಶ್ರೇಷ್ಠ ಜನಾಂಗವೆಂಬ ಊಹೆಯನ್ನು ಜಾನ್ ಸ್ಪೀಕ್ ಎಂಬ ಆಂಗ್ಲ ಪ್ರವಾಸಿ 1863ರಲ್ಲೇ ಹರಿಯಬಿಟ್ಟಿದ್ದ. ಜರ್ಮನರ ನಂತರ ಬಂದ ಬೆಲ್ಜಿಯನ್ನರು ಆ ಊಹೆಗೆ ಅಳತೆಗಳ ಆಧಾರ ಹುಡುಕಿದರು. ಟುಟ್ಸಿಗಳ ಸರಾಸರಿ ಎತ್ತರ ಕೊಂಚ ಹೆಚ್ಚೇ ಇತ್ತು. ಆದರೆ ಸರಾಸರಿಯಿಂದ ಒಬ್ಬ ವ್ಯಕ್ತಿಯನ್ನು ಗುರುತಿಸಲಾಗದು ಎಂಬುದು ಹತ್ತನೆಯ ತರಗತಿಯ ಗಣಿತ. ಒಂದೇ ತರಗತಿಯಲ್ಲಿ ಹುಡುಗರ ಸರಾಸರಿ ಎತ್ತರ ಹೆಚ್ಚೆಂದ ಮಾತ್ರಕ್ಕೆ ಎತ್ತರದವರೆಲ್ಲ ಹುಡುಗರೆನ್ನಲಾದೀತೇ? ಇಷ್ಟು ಸಣ್ಣ ವಿಷಯ ಕಲಿತವರಿಗೆ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಕಿರಲಿಲ್ಲ. 1933-34ರ ಜನಗಣತಿಯ ಹೊತ್ತಿಗೆ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಬಂತು. ಅದರಲ್ಲೊಂದು ಸಾಲು: ಹುಟು, ಟುಟ್ಸಿ ಅಥವಾ ಟ್ವಾ. ತಂದೆಯದು ಯಾವುದೋ ಮಕ್ಕಳದೂ ಅದೇ. ಒಳ್ಳೆಯ ಶಾಲೆ, ಅಧಿಕಾರಗಳೆಲ್ಲ ಟುಟ್ಸಿ ಮುಖಂಡರ ಮಕ್ಕಳ ಪಾಲಾದವು. ಹುಟುಗಳ ಪಾಲಿಗೆ ಬಿಟ್ಟಿ ಚಾಕರಿ.

ಸ್ವಾತಂತ್ರ್ಯ ಹತ್ತಿರವಾದಂತೆ ಬೆಲ್ಜಿಯನ್ನರು ತಕ್ಕಡಿ ತಿರುಗಿಸಿ ಬಹುಸಂಖ್ಯಾತ ಹುಟುಗಳ ಬೆನ್ನಿಗೆ ನಿಂತರು. 1959ರ ದಂಗೆಯಿಂದಾಚೆಗೆ ಲಕ್ಷಾಂತರ ಟುಟ್ಸಿಗಳು ನೆರೆದೇಶಗಳಿಗೆ ಓಡಿಹೋದರು. 1962ರಲ್ಲಿ ದೇಶ ಸ್ವತಂತ್ರವಾಯಿತು. ಪರಂಗಿಯವರ ಚೀಟಿ ಮಾತ್ರ ಉಳಿಯಿತು! ಈಗ ಶಾಲೆ, ನೌಕರಿಗಳಲ್ಲಿ ಟುಟ್ಸಿಗಳಿಗೆ ಮಿತಿ. ತರಗತಿಯಲ್ಲಿ ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸಿ ಎಣಿಸುವ ಪದ್ಧತಿ ಬಂತು. ಪಕ್ಕದ ಬುರುಂಡಿಯಲ್ಲಿ ಕಥೆ ತಿರುಗುಮುರುಗು: 1972ರಲ್ಲಿ ಅಲ್ಲಿಯ ಟುಟ್ಸಿ ಸೇನೆ ಲಕ್ಷಕ್ಕೂ ಹೆಚ್ಚು ಹುಟುಗಳನ್ನು ಕೊಂದಿತು. ಆ ಭಯವೂ ರುವಾಂಡದ ಹುಟುಗಳಲ್ಲಿ ಕೆಲಸ ಮಾಡಿತು.

1990ರಲ್ಲಿ ಉಗಾಂಡದಿಂದ ನಿರಾಶ್ರಿತರ ಮಕ್ಕಳ ಸೇನೆ ನುಗ್ಗಿತು. ಕಾಫಿ ಬೆಲೆ ಕುಸಿದು ರೈತರು ಕಂಗೆಟ್ಟಿದ್ದ ಸಮಯ. 1993ರಲ್ಲಿ ಆರಂಭವಾದ ಆರ್‌ಟಿಎಲ್‌ಎಂ ರೇಡಿಯೊ ಹಾಡುಗಳ ನಡುವೆ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯತೊಡಗಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷ ಹಬ್ಯಾರಿಮಾನನ ವಿಮಾನವನ್ನು ಹೊಡೆದುರುಳಿಸಲಾಯಿತು. ಕೊಲೆ ಅಂದೇ ರಾತ್ರಿ ಶುರು. ರಸ್ತೆರಸ್ತೆಯಲ್ಲಿ ಅಡ್ಡಗಟ್ಟೆ ಹಾಕಿ ಚೀಟಿ ಕೇಳುತ್ತಿದ್ದರು. ಆ ಒಂದು ಸಾಲು ಓದಿ ಮಚ್ಚು ಎತ್ತುತ್ತಿದ್ದರು. ಅಲ್ಲಿದ್ದ ಸುಮಾರು 2,500 ಮಂದಿಯ ಶಾಂತಿಪಡೆಯನ್ನು 270ಕ್ಕೆ ಇಳಿಸಲು ಏಪ್ರಿಲ್ 21ರಂದು ಭದ್ರತಾ ಮಂಡಳಿ ನಿರ್ಣಯಿಸಿತು.

ಆ ದಿನಗಳ ಇಬ್ಬರು ಉಪಾಧ್ಯಾಯರ ವಿಷಯ ಹೇಳಲೇಬೇಕು. ಅಗಾಥೆ ಉವಿಲಿಂಗಿಯಿಮಾನ ರಸಾಯನಶಾಸ್ತ್ರದ ಅಧ್ಯಾಪಕಿ, ಹುಟು. 1992ರಲ್ಲಿ ಶಿಕ್ಷಣ ಮಂತ್ರಿಯಾದಾಗ ಶಾಲೆಗಳಲ್ಲಿ ಜನಾಂಗದ ಲೆಕ್ಕವನ್ನು ತೆಗೆದುಹಾಕಿ ಅಂಕಗಳ ಮೇಲೆ ಸೀಟು ಕೊಡಿಸಿದರು. ಮರುವರ್ಷ ಪ್ರಧಾನಿಯಾದರು. ಏಪ್ರಿಲ್ 7ರ ಬೆಳಿಗ್ಗೆ ಸೈನಿಕರು ಅವರನ್ನೂ ಅವರ ಪತಿಯನ್ನೂ ಕೊಂದರು. ಇನ್ನೊಬ್ಬ ಜಾನ್ ಪಾಲ್ ಅಕಾಯೆಸು, ಮೇಷ್ಟ್ರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ನಂತರ ಟಾಬಾ ಎಂಬ ಊರಿನ ಮೇಯರಾದವನು. ಮೊದಲ ದಿನಗಳಲ್ಲಿ ಕೊಲೆಗಾರರನ್ನು ತಡೆದವನೇ ಏಪ್ರಿಲ್ 18ರ ನಂತರ ಅವರ ಜೊತೆ ಸೇರಿಕೊಂಡ. 1998ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ನರಮೇಧದ ಅಪರಾಧಿಯೆಂದು ಘೋಷಿಸಿದ ಮೊದಲ ವ್ಯಕ್ತಿ ಈತ.

ಬಂಡುಕೋರ ಸೇನೆ ಜುಲೈನಲ್ಲಿ ಗೆದ್ದಿತು. ಆ ಸೇನೆಯೂ ಸಾವಿರಾರು ನಾಗರಿಕರನ್ನು ಕೊಂದದ್ದು ದಾಖಲಾಗಿದೆ. ಸುಮಾರು 20 ಲಕ್ಷ ಹುಟುಗಳು ಗಡಿ ದಾಟಿದರು. ಗೋಮಾದ ಶಿಬಿರಗಳಲ್ಲಿ ಕಾಲರಾ ಸಾವಿರ ಸಾವಿರ ಜನರನ್ನು ಕೊಂಡೊಯ್ದಿತು. ಆ ಶಿಬಿರಗಳಿಂದಲೇ ಕಾಂಗೋದ ಯುದ್ಧಗಳು ಹೊತ್ತಿಕೊಂಡವು. ಒಳಗೆ, ಜೈಲುಗಳಲ್ಲಿ ಲಕ್ಷಕ್ಕೂ ಮೀರಿದ ಆರೋಪಿಗಳು. ಕೊನೆಗೆ ‘ಗಚಾಚಾ’ ಎಂಬ ಊರ ಪಂಚಾಯಿತಿಗಳು 2012ರವರೆಗೆ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಮೊಕದ್ದಮೆ ಕೇಳಿದವು. ಹುಲ್ಲಿನ ಮೇಲೆ ಕುಳಿತು, ಕೊಂದವನೂ ವಿಧವೆಯೂ ಎದುರುಬದುರಾಗಿ. ಚೀಟಿಯಿಂದ ಆ ಸಾಲು ಹೋಯಿತು. ಶಾಲೆಗಳಲ್ಲಿ ದೇಶದ ಇತಿಹಾಸದ ಪಾಠವನ್ನೇ ಕೆಲವು ವರ್ಷ ನಿಲ್ಲಿಸಬೇಕಾಯಿತು, ಯಾರ ಇತಿಹಾಸ ಹೇಳುವುದೆಂದು ತೋಚದೆ. ಜನಾಂಗದ ಮಾತಿಗೆ ಕಾನೂನು ಕಡಿವಾಣ ಹಾಕಿದೆ. ಸರ್ಕಾರವನ್ನು ಟೀಕಿಸುವವರ ಬಾಯಿಗೂ ಅದೇ ಕಡಿವಾಣ ಬೀಳುತ್ತಿದೆ ಎಂಬ ದೂರೂ ಇದೆ.

1997ರ ಮಾರ್ಚ್ 18ರ ರಾತ್ರಿ ನ್ಯಾಂಗೆ ಎಂಬ ಊರಿನ ಪ್ರೌಢಶಾಲೆಗೆ ಶಸ್ತ್ರಧಾರಿಗಳು ನುಗ್ಗಿದರು. ಮಕ್ಕಳು ಓದುತ್ತ ಕುಳಿತಿದ್ದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದು ಅಪ್ಪಣೆಯಾಯಿತು. ಮುಖ ನೋಡಿ ತಿಳಿಯುವಂತಿದ್ದರೆ ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ನಾವೆಲ್ಲ ರುವಾಂಡದವರು ಎಂದರು ಮಕ್ಕಳು. ಯಾರೂ ಬೇರೆಯಾಗಿ ನಿಲ್ಲಲಿಲ್ಲ. ಬಂದವರು ಗುಂಡು ಹಾರಿಸಿ, ಗ್ರೆನೇಡು ಎಸೆದರು. ಆರು ವಿದ್ಯಾರ್ಥಿಗಳು ಸತ್ತರು.